ಒಂಟಿ ಗಿಳಿಗೆ ಮನೆಯವರೇ ಹಿಂಡು

2022ರ ಜುಲೈನಲ್ಲಿ ತುಮಕೂರಿನ ಬೀದಿಗಳಲ್ಲಿ ಗಿಳಿಯೊಂದು ಕಾಣೆಯಾಗಿದೆ ಎಂಬ ಪೋಸ್ಟರ್‌ಗಳು ಕಾಣಿಸಿಕೊಂಡವು. ಗಿಳಿಯ ಹೆಸರು ರುಸ್ತುಮಾ. ಬೂದು ಮೈ, ಕೆಂಪು ಬಾಲದ ಆಫ್ರಿಕನ್ ಗ್ರೇ ಜಾತಿಯದು. ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಕೊಡುವುದಾಗಿ ಮನೆಯವರು ಸಾರಿದ್ದರು. ಕೆಲವು ದಿನಗಳ ಮೇಲೆ ಗಿಳಿ ಸಿಕ್ಕಿತು, ತಂದುಕೊಟ್ಟವರ ಕೈಗೆ 85 ಸಾವಿರ ಸೇರಿತು. ಊರೆಲ್ಲ ಹಣದ ಮಾತೇ ಆಡಿತು. ಅಷ್ಟು ಹಚ್ಚಿಕೊಂಡವರ ಮನೆಯಿಂದಲೂ ಅದು ಹಾರಿಹೋಗಿತ್ತು ಎಂಬುದನ್ನು ಗಮನಿಸಿದವರು ಕಡಿಮೆ.

ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಬಾಗಿಲಲ್ಲಿ ಬೆಳೆದ ಪ್ರಾಣಿ. ಗಿಳಿಯ ಕಥೆ ಹಾಗಲ್ಲ. ಪಂಜರದಲ್ಲೇ ಮೊಟ್ಟೆಯೊಡೆದು ಬಂದ ಮಕಾವ್ ಅಥವಾ ಕಾಕಟೂ ಜಾತಿಯ ಗಿಳಿ ಕೂಡ ಕಾಡಿನಿಂದ ಕೆಲವೇ ತಲೆಮಾರು ದೂರದ್ದು. ಕಾಡಿನಲ್ಲಿ ಅದು ಒಂಟಿಯಾಗಿ ಬದುಕುವುದಿಲ್ಲ. ಹಿಂಡಿನಲ್ಲಿ ಹಾರುತ್ತದೆ, ಹಿಂಡಿನಲ್ಲಿ ಮಲಗುತ್ತದೆ, ದಿನದ ಬಹುಪಾಲು ಆಹಾರ ಹುಡುಕುವುದರಲ್ಲೇ ಕಳೆಯುತ್ತದೆ. ಮನೆಗೆ ಬಂದ ಒಂಟಿ ಗಿಳಿಗೆ ಹಿಂಡೂ ಇಲ್ಲ, ಕೆಲಸವೂ ಇಲ್ಲ. ಬಟ್ಟಲು ತುಂಬ ಕಾಳು ಮಾತ್ರ ಇದೆ.

ಕೂಗಾಟ ಶುರುವಾಗುವುದು ಇಲ್ಲಿಂದಲೇ. ಕಣ್ಣಿಗೆ ಕಾಣದ ಜೊತೆಗಾರರನ್ನು ಕರೆದು, ಉತ್ತರ ಬಂದ ಮೇಲೆ ಸಮಾಧಾನಗೊಳ್ಳುವುದು ಗಿಳಿಗಳ ರೂಢಿ. ಯಜಮಾನ ಆಫೀಸಿಗೆ ಹೊರಟ ಕೂಡಲೇ ಅದು ಕರೆಯತೊಡಗುತ್ತದೆ. ಉತ್ತರ ಬರದಿದ್ದರೆ ದನಿ ಏರುತ್ತದೆ. ಮೈಲಿ ದೂರದ ಕಾಡಿಗೂ ಕೇಳಲೆಂದೇ ಇರುವ ಕಾಕಟೂವಿನ ಗಂಟಲು ಅಪಾರ್ಟ್‌ಮೆಂಟಿನ ಗೋಡೆಗಳನ್ನು ಲೆಕ್ಕಿಸುವುದಿಲ್ಲ. ಮನೆಯವರು ಓಡಿಬಂದು "ಸುಮ್ಮನಿರು!" ಎಂದು ಗದರಿಸಿದರೋ, ಗಿಳಿಗೆ ಬೇಕಾದ ಉತ್ತರ ಸಿಕ್ಕಿತು. ಮರುದಿನ ಇನ್ನಷ್ಟು ಗಟ್ಟಿಯಾಗಿ ಕೂಗುತ್ತದೆ.

ಅದರ ಬುದ್ಧಿಯೂ ಸಾಕುವವರಿಗೆ ತಲೆನೋವೇ. 1977ರಲ್ಲಿ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಶಿಕಾಗೋ ಬಳಿಯ ಅಂಗಡಿಯೊಂದರಿಂದ ಆಫ್ರಿಕನ್ ಗ್ರೇ ಗಿಳಿಯೊಂದನ್ನು ಕೊಂಡು, ಅಲೆಕ್ಸ್ ಎಂದು ಹೆಸರಿಟ್ಟು ಮೂವತ್ತು ವರ್ಷ ಕಲಿಸಿದರು. ಅದು ಬಣ್ಣ, ಆಕಾರ ಗುರುತಿಸುತ್ತಿತ್ತು, ಆರರವರೆಗಿನ ಸಂಖ್ಯೆ ಹೇಳುತ್ತಿತ್ತು. ಗಿಣಿಪಾಠ ಎಂದು ನಾವು ತಾತ್ಸಾರ ಮಾಡುವ ಹಕ್ಕಿಯ ತಲೆ ಅಷ್ಟು ಚುರುಕು. ಅಂಥ ತಲೆಗೆ ದಿನವಿಡೀ ಕಂಬಿ ನೋಡುವ ಶಿಕ್ಷೆ ವಿಧಿಸಿದರೆ ಏನಾದೀತು? ಹಲವು ಗಿಳಿಗಳು ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುತ್ತವೆ. ಎದೆ ಬೋಳಾಗುತ್ತದೆ, ಕೆಲವೊಮ್ಮೆ ಗಾಯವೂ ಆಗುತ್ತದೆ. ಇದಕ್ಕೆ ರೋಗವೂ ಕಾರಣವಾಗಬಹುದು, ಬೇಸರ ಮತ್ತು ಒಂಟಿತನವೂ ಕಾರಣವಾಗಬಹುದು. ಒಮ್ಮೆ ಅಭ್ಯಾಸವಾದರೆ ಬಿಡಿಸುವುದು ಬಲು ಕಷ್ಟ.

ಇನ್ನು ಪ್ರೀತಿಯ ಗೊಂದಲ. ಕೈತುತ್ತು ತಿಂದು ಬೆಳೆದ ಮರಿ ಮೊದಲ ಕೆಲವು ವರ್ಷ ಎಲ್ಲರ ಹೆಗಲೇರುತ್ತದೆ. ಪ್ರಾಯಕ್ಕೆ ಬಂದಾಗ ಮನೆಯವರಲ್ಲಿ ಒಬ್ಬರನ್ನೇ ಜೋಡಿಯೆಂದು ಆರಿಸಿಕೊಂಡು, ಉಳಿದವರನ್ನು ಕಚ್ಚಲು ಹೋಗುವುದುಂಟು. ಮುದ್ದಿನಿಂದ ಬೆನ್ನು, ರೆಕ್ಕೆಯಡಿ ಸವರುವುದು ನಮಗೆ ಅಕ್ಕರೆ, ಗಿಳಿಗೆ ಕೂಡುವ ಕರೆ. ಗಟ್ಟಿ ಕಾಯಿಗಳನ್ನೇ ಒಡೆಯುವ ಮಕಾವ್ ಕೊಕ್ಕಿಗೆ ಬೆರಳು ಯಾವ ಲೆಕ್ಕ?

ಅಡುಗೆಮನೆಯಲ್ಲೂ ಅಪಾಯವಿದೆ. ಹಕ್ಕಿಯ ಉಸಿರಾಟ ನಮ್ಮದಕ್ಕಿಂತ ಹೆಚ್ಚು ದಕ್ಷ, ಹಾಗಾಗಿ ವಿಷದ ಗಾಳಿಯನ್ನೂ ಅದು ಬೇಗ ಹೀರುತ್ತದೆ. ಒಲೆಯ ಮೇಲೆ ಮರೆತು ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆಗೆ ಗಿಳಿ ನಿಮಿಷಗಳಲ್ಲೇ ಸಾಯಬಹುದು. ಬೆಣ್ಣೆಹಣ್ಣು, ಚಾಕೊಲೇಟ್ ಅದಕ್ಕೆ ವಿಷ. ಹಸಿಮೆಣಸಿನಕಾಯಿಯನ್ನು ಮಾತ್ರ ಖಾರವೇ ಇಲ್ಲವೆಂಬಂತೆ ತಿನ್ನುತ್ತದೆ, ಏಕೆಂದರೆ ಹಕ್ಕಿಗಳಿಗೆ ಆ ಉರಿ ತಟ್ಟುವುದಿಲ್ಲ. ಬರೀ ಸೂರ್ಯಕಾಂತಿ ಬೀಜ ಹಾಕಿ ಸಾಕಿದರೆ ಎ ಜೀವಸತ್ವದ ಕೊರತೆ, ಯಕೃತ್ತಿನಲ್ಲಿ ಕೊಬ್ಬು ಕಾಣಿಸಿಕೊಳ್ಳುತ್ತದೆ. ಕಾಯಿಲೆ ಬಿದ್ದರೂ ಆದಷ್ಟು ತೋರಗೊಡದಿರುವುದು ಬೇಟೆಗೆ ಬಲಿಯಾಗುವ ಹಕ್ಕಿಗಳ ಗುಣ. ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ, ಹಕ್ಕಿಗಳನ್ನು ಬಲ್ಲ ಪಶುವೈದ್ಯರೂ ಎಲ್ಲ ಊರಲ್ಲಿ ಸಿಗುವುದಿಲ್ಲ. ಗಿಳಿಯಿಂದ ಮನುಷ್ಯನಿಗೂ ರೋಗ ತಗಲುತ್ತದೆ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗೇರಿ ಹೋದ ಗಿಳಿಗಳಿಂದ ಸಿಟಕೋಸಿಸ್ ಎಂಬ ಶ್ವಾಸಕೋಶದ ಸೋಂಕು ಹಲವು ದೇಶಗಳಿಗೆ ಹರಡಿ ಜನ ಸತ್ತಿದ್ದರು.

ಇದೆಲ್ಲವನ್ನೂ ನಿಭಾಯಿಸಿದವರಿಗೂ ಆಯುಸ್ಸಿನ ಪ್ರಶ್ನೆ ಉಳಿಯುತ್ತದೆ. ಶಿಕಾಗೋ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿದ್ದ ಕುಕೀ ಎಂಬ ಕಾಕಟೂ 2016ರಲ್ಲಿ ಸತ್ತಾಗ ಅದರ ವಯಸ್ಸು 83. ಅದು ಅಪರೂಪದ ದಾಖಲೆ, ಒಪ್ಪೋಣ. ಆದರೂ ದೊಡ್ಡ ಗಿಳಿಗಳು ನಾಲ್ಕೈದು ದಶಕ ಬದುಕುವುದು ಸಾಮಾನ್ಯ. ಐವತ್ತರ ಪ್ರಾಯದಲ್ಲಿ ಮರಿ ತಂದವರು ಅದನ್ನು ಮಕ್ಕಳ ಹೆಸರಿಗೆ ಬರೆದಿಡಬೇಕಾದೀತು.

ಕಾನೂನಿನಲ್ಲೊಂದು ವಿಚಿತ್ರವಿದೆ. ನಮ್ಮ ಸೀಬೆ ಮರಕ್ಕೆ ಬರುವ ಹಸಿರು ಗಿಳಿಯನ್ನು ಪಂಜರದಲ್ಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಿಣಿಶಾಸ್ತ್ರ ಹೇಳುವವರ ಗಿಳಿಗೂ ವಿನಾಯಿತಿಯಿಲ್ಲ. ಆಫ್ರಿಕನ್ ಗ್ರೇಯಂಥ ವಿದೇಶಿ ಗಿಳಿಯನ್ನಾದರೆ ಇಟ್ಟುಕೊಳ್ಳಬಹುದು, ಆದರೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು 2024ರಲ್ಲಿ ಬಂದ ಕೇಂದ್ರದ ನಿಯಮಗಳಂತೆ ನೋಂದಾಯಿಸಬೇಕು. ಕಾಡಿನಿಂದ ಹಿಡಿದ ಆಫ್ರಿಕನ್ ಗ್ರೇಯ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ತೀರ್ಮಾನ 2016ರಲ್ಲೇ ಆಗಿದೆ.

ಸಾಕಲಾರೆವೆಂದು ಕಿಟಕಿ ತೆರೆದುಬಿಟ್ಟರೆ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ರೆಕ್ಕೆ ಕತ್ತರಿಸಿದ, ಆಹಾರ ಹುಡುಕಲು ಕಲಿಯದ ಹಕ್ಕಿ ಕಾಗೆ, ಹದ್ದು, ಬೆಕ್ಕುಗಳ ನಡುವೆ ಹೆಚ್ಚು ದಿನ ಉಳಿಯುವುದಿಲ್ಲ. ಎಲ್ಲೋ ಕೆಲವು ಬದುಕಿದರೆ ಇನ್ನೊಂದು ತಾಪತ್ರಯ. ಪಂಜರದಿಂದ ತಪ್ಪಿಸಿಕೊಂಡ, ಬಿಟ್ಟುಬಿಟ್ಟ ನಮ್ಮ ಹಸಿರು ಗಿಳಿಗಳ ಸಂತತಿ ಇಂದು ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್‌ಗಳ ಉದ್ಯಾನಗಳಲ್ಲಿ ಸಾವಿರಗಟ್ಟಲೆ ಬೆಳೆದಿದ್ದು, ಅಲ್ಲಿನ ಹಕ್ಕಿಗಳೊಂದಿಗೆ ಮರದ ಪೊಟರೆಗಳಿಗಾಗಿ ಪೈಪೋಟಿಗಿಳಿದಿದೆ.