ಕರಿಯ ಟ್ರಂಕಿನ ಕಾಗದಗಳು

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ವಾಸವಾಗಿರುವ ನಿವೃತ್ತ ಹವಾಲ್ದಾರರೊಬ್ಬರ ಮನೆಯಲ್ಲಿ, ದೇವರ ಗೂಡಿನ ಕೆಳಗೆ, ಕರಿಯ ಬಣ್ಣ ಬಳಿದ ತಗಡಿನ ಟ್ರಂಕೊಂದು ಇದೆ. ಅದರ ಮುಚ್ಚಳದ ಮೇಲೆ ಬಿಳಿಯ ಅಕ್ಷರಗಳಲ್ಲಿ ಅವರ ನಂಬರು, ದರ್ಜೆ, ಹೆಸರು ಬರೆದಿವೆ. ನಂಬರು ಮೊದಲು, ಹೆಸರು ಕೊನೆಗೆ. ಸೈನ್ಯದಲ್ಲಿ ಮನುಷ್ಯನನ್ನು ಗುರುತಿಸುವ ಕ್ರಮವೇ ಇದಾದುದರಿಂದ, ಸೇವೆಯನ್ನು ಮುಗಿಸಿ, ವಿಜಯಪುರ ಜಿಲ್ಲೆಯ ತಮ್ಮ ಹಳ್ಳಿಗೆ ಮರಳದೆ, ಮಗನ ಉದ್ಯೋಗವನ್ನನುಸರಿಸಿ ಈ ಊರಿಗೆ ಬಂದು ನೆಲೆಸಿ ಇಷ್ಟು ವರ್ಷಗಳಾದ ಮೇಲೂ, ಯಾವುದಾದರೊಂದು ಕಚೇರಿಯವರು ಫೋನಿನಲ್ಲಿ ‘ಯಾರು ಮಾತನಾಡುವುದು?’ ಎಂದು ಕೇಳಿದರೆ ಅವರ ಬಾಯಿಂದ ಮೊದಲು ಹೊರಡುವುದು ನಂಬರೇ. ಆ ನಂಬರಿನಲ್ಲಿ ಎಂದೂ ತಪ್ಪಾಗಿಲ್ಲ. ತಪ್ಪಾಗಿರುವುದು ಹೆಸರಿನಲ್ಲಿ, ಅದೂ ಅವರ ಹೆಸರಿನಲ್ಲಲ್ಲ, ಅವರ ಹೆಂಡತಿಯ ಹೆಸರಿನಲ್ಲಿ.

ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ, ಮಹಾರಾಷ್ಟ್ರದಲ್ಲಿರುವಂತೆಯೇ, ವಿವಾಹಕಾಲದಲ್ಲಿ ವಧುವಿಗೆ ಹೊಸ ಹೆಸರಿಡುವ ವಾಡಿಕೆಯುಂಟು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ವರನು ಉಂಗುರದಿಂದ ಹೆಸರನ್ನು ಬರೆಯುವನು, ಹೆಂಗಸರು ನಗುವರು, ಆ ಅಕ್ಕಿ ಪುನಃ ಚೀಲಕ್ಕೆ ಸೇರುವುದು. ಆದರೆ ನಮ್ಮ ಹವಾಲ್ದಾರರು ರಜೆ ಮುಗಿಸಿ ತುಕಡಿಗೆ ಮರಳಿ, ಮದುವೆಯಾದ ಸಂಗತಿಯನ್ನು ನಿಯಮಾನುಸಾರ ವರದಿ ಮಾಡಿದಾಗ ಬರೆಯಿಸಿದ್ದು ಅಕ್ಕಿಯ ಮೇಲಣ ಹೆಸರನ್ನು. ಅದು ಪಾರ್ಟ್ ಟೂ ಆರ್ಡರ್ ಎಂಬ ಸೇನಾ ಆದೇಶದಲ್ಲಿ ಪ್ರಕಟವಾಗಿ, ಶೀಟ್ ರೋಲ್ ಎಂಬ ಸೇವಾ ದಾಖಲೆಗೆ ಏರಿ, ನಿವೃತ್ತಿಯ ಕಾಲಕ್ಕೆ ಡಿಸ್ಚಾರ್ಜ್ ಬುಕ್ಕಿಗೂ ಪಿಪಿಓ ಎಂಬ ಪಿಂಚಣಿ ಆದೇಶಕ್ಕೂ ಇಳಿದುಬಂದಿತು. ಆಕೆಯ ಶಾಲೆಯ ದಾಖಲೆ, ಆಧಾರ್, ಬ್ಯಾಂಕಿನ ಪುಸ್ತಕಗಳಲ್ಲಾದರೋ ತವರಿನ ಹೆಸರೇ ಉಳಿಯಿತು. ಠಾಣೆ ಜಿಲ್ಲೆಗೆ ಬಂದ ಬಳಿಕ ಮಾಡಿಸಿದ ರೇಷನ್ ಕಾರ್ಡಿನವರು ತಮ್ಮ ಮರಾಠಿ ಪದ್ಧತಿಯಂತೆ ಆ ಹೆಸರಿಗೆ ಗಂಡನ ಹೆಸರನ್ನೂ ಅಡ್ಡಹೆಸರನ್ನೂ ಜೋಡಿಸಿದರು. ಹೀಗೆ ಒಬ್ಬ ಗೃಹಿಣಿ, ಮನೆಯ ಹೊಸ್ತಿಲು ದಾಟದೆ, ಮೂವರಾದಳು. ಗಂಡನಿರುವವರೆಗೆ ಇದರಿಂದ ಬಾಧಕವಿಲ್ಲ. ಆತನ ತರುವಾಯ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವ ದಿನ ಮಾತ್ರ, ಈ ಮೂವರಲ್ಲಿ ನೀನು ಯಾರೆಂದು ಕಚೇರಿ ಕೇಳುತ್ತದೆ. ಎಪ್ಪತ್ತು ದಾಟಿದ ಆ ಹಿರಿಯರು ಟ್ರಂಕಿನ ಬೀಗ ತೆಗೆದು ಅರ್ಜಿಯನ್ನು ಬರೆಯತೊಡಗಿದ್ದು ಈ ಒಂದು ಭಯದಿಂದ.

ಕನ್ನಡಿಗರ ಹೆಸರಂತೂ ಆಂಗ್ಲಾಕ್ಷರಕ್ಕೆ ಸುಲಭವಾಗಿ ಒಗ್ಗುವಂಥದಲ್ಲ. ಯಲ್ಲಪ್ಪನೆಂಬ ಸಾಮಾನ್ಯ ಹೆಸರನ್ನೇ ತೆಗೆದುಕೊಳ್ಳಿ: ‘ವೈ’ ಅಕ್ಷರದಿಂದ ಆರಂಭಿಸಬೇಕೋ ‘ಇ’ಯಿಂದಲೋ, ‘ಎಲ್’ ಒಂದೋ ಎರಡೋ, ‘ಪಿ’ ಒಂದೋ ಎರಡೋ ಎಂಬ ಮೂರೇ ಸಂದೇಹಗಳಿಂದ ಎಂಟು ಯಲ್ಲಪ್ಪಂದಿರು ಹುಟ್ಟುತ್ತಾರೆ. ಹಳೆಯ ಮೈಸೂರಿನ ಕಡೆಯವರಿಗೆ ಅಡ್ಡಹೆಸರೇ ಇಲ್ಲ. ಊರಿನ ಅಕ್ಷರ, ತಂದೆಯ ಅಕ್ಷರ, ಅನಂತರ ತಮ್ಮ ಹೆಸರು. ಭರ್ತಿಯ ದಿನ ಸಾಲಿನಲ್ಲಿ ನಿಂತ ಹದಿನೆಂಟರ ಹುಡುಗನು, ತನ್ನ ಭಾಷೆಯನ್ನರಿಯದ ಗುಮಾಸ್ತರೆದುರು ಒಮ್ಮೆ ಉಸುರಿದ ಹೆಸರು ಅವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಲಿಖಿತವಾಗಿ ಸ್ಥಿರವಾಯಿತು. ಜನ್ಮದಿನದ ಕಥೆ ಇದಕ್ಕಿಂತ ಸರಳ. ನಮ್ಮ ಹಳ್ಳಿಯ ಹೆಡ್ಮಾಸ್ತರರು, ಶಾಲೆಯು ಜೂನ್ ತಿಂಗಳಲ್ಲಿ ತೆರೆಯುವುದರಿಂದ, ಮಗುವಿನ ವಯಸ್ಸು ಲೆಕ್ಕಕ್ಕೆ ಸರಿಹೋಗಲೆಂದು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆ ಒಂದು ದಿನದಲ್ಲಿ ಹುಟ್ಟಿದ ಕನ್ನಡಿಗರನ್ನೆಲ್ಲ ಒಟ್ಟುಗೂಡಿಸಿದರೆ ಹಲವು ಪಲ್ಟನ್ನುಗಳೇ ಆದಾವು.

ಸೈನಿಕನ ಕಾಗದಗಳು ಆತನ ಊರಿನಲ್ಲಿರುವುದಿಲ್ಲ, ಆತನ ರೆಜಿಮೆಂಟಿನ ಊರಿನಲ್ಲಿರುತ್ತವೆ. ಈ ವಿಷಯದಲ್ಲಿ ಸೇನೆಯ ಭೂಗೋಳವು ರಾಜ್ಯಗಳ ಭೂಗೋಳವನ್ನು ಲೆಕ್ಕಿಸುವುದಿಲ್ಲ. ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಮರಾಠಾ ಲೈಟ್ ಇನ್‌ಫೆಂಟ್ರಿಯ ಮಾಜಿ ಸೈನಿಕನು ತನ್ನ ದಾಖಲೆಗಾಗಿ ಬೆಳಗಾವಿಗೆ ಬರೆಯಬೇಕು; ತೋಪುಖಾನೆಯಲ್ಲಿದ್ದ ಧಾರವಾಡದವನು ನಾಸಿಕ್ ರೋಡಿಗೆ; ಮದ್ರಾಸ್ ಇಂಜಿನಿಯರ್ ಗ್ರೂಪಿನ ತಮಿಳನು ಬೆಂಗಳೂರಿಗೆ. ಕಾರವಾರದ ಅಂಚಿನಿಂದ ನೌಕಾಪಡೆಗೆ ಸೇರಿದ ನಾವಿಕನ ಕಾಗದಗಳಿರುವುದು ಮುಂಬಯಿಯ ಮಾನ್‌ಖುರ್ದದ ಚೀತಾ ಕ್ಯಾಂಪಿನಲ್ಲಿ, ಅಂದರೆ ನವಿ ಮುಂಬಯಿಯ ವಾಶಿಯಿಂದ ಖಾಡಿಯ ಸೇತುವೆ ದಾಟಿದೊಡನೆಯೇ ಸಿಗುವ ನಿಲ್ದಾಣದ ಆಸುಪಾಸಿನಲ್ಲಿ. ಡೊಂಬಿವಲಿಯ ನಾವಿಕನು ಠಾಣೆಯಲ್ಲಿ ಇಳಿದು, ಗಾಡಿ ಬದಲಿಸಿ, ವಾಶಿಗೆ ಬಂದು, ಮತ್ತೊಮ್ಮೆ ಬದಲಿಸಿ ಅಲ್ಲಿಗೆ ತಲುಪಬಹುದು; ಭಾಗ್ಯವಂತನೆನ್ನಬೇಕು. ಗಡಿಯ ವಿಚಾರದಲ್ಲಿ ಬೆಳಗಾವಿಯ ಹೆಸರೆತ್ತಿದರೆ ಸ್ವರವೇರಿಸುವ ಎರಡು ಕಡೆಯವರೂ, ಅದೇ ಊರಿನ ದಫ್ತರಿನಲ್ಲಿ ಮರಾಠಿಯವನ ಕಾಗದವೂ ಕನ್ನಡಿಗನ ಕಾಗದವೂ ಒಂದೇ ಕಪಾಟಿನಲ್ಲಿ ಒರಗಿ ನಿಂತಿರುವುದನ್ನು ಒಮ್ಮೆ ನೆನೆಯಬಹುದಿತ್ತು.

ತಿದ್ದುಪಡಿಯ ಕ್ರಮವನ್ನು ಹೇಳಿ ವಾಚಕರನ್ನು ದಣಿಸಲಾರೆ. ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ಟು, ಹೆಸರಿನ ಬದಲಾವಣೆಯಾದರೆ ವೃತ್ತಪತ್ರಿಕೆಯ ಪ್ರಕಟಣೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಶಿಫಾರಸು, ರೆಕಾರ್ಡ್ ಆಫೀಸಿನ ಒಪ್ಪಿಗೆ, ಕೊನೆಗೆ ಪ್ರಯಾಗರಾಜದ ಪಿಂಚಣಿ ಲೆಕ್ಕಾಧಿಕಾರಿಗಳಿಂದ ತಿದ್ದಿದ ಪಿಪಿಓ. ಈಗ ಸ್ಪರ್ಶ್ ಎಂಬ ಗಣಕವ್ಯವಸ್ಥೆ ಬಂದಿರುವುದರಿಂದ ಕಾಗದದ ಓಡಾಟ ಕಡಿಮೆಯಾಗಿದೆ. ಆದರೆ ಹಳೆಯ ಗುಮಾಸ್ತನು ‘ಹೋಗಲಿ ಬಿಡಿ, ಒಂದಕ್ಷರ ತಾನೆ’ ಎಂದು ತೋರಿಸುತ್ತಿದ್ದ ದಾಕ್ಷಿಣ್ಯವನ್ನು ಯಂತ್ರಕ್ಕೆ ಯಾರೂ ಕಲಿಸಿಲ್ಲ.

ಸಾಮಾನ್ಯ ಹವಾಲ್ದಾರನ ಪಾಡು ಇದಾದರೆ ದೊಡ್ಡವರ ಮಾತೇನು ಎಂದು ಯಾರಾದರೂ ಕೇಳಬಹುದು. ಈ ದೇಶದ ಸೇನಾ ಮುಖ್ಯಸ್ಥರೇ ತಮ್ಮ ಹುಟ್ಟಿದ ವರ್ಷವನ್ನು ತಿದ್ದಿಸಲಾರದೆ ಹೋದ ಪ್ರಸಂಗವು ನಮ್ಮ ಕಣ್ಣೆದುರೇ ನಡೆದಿದೆ. ಜನರಲ್ ವಿ. ಕೆ. ಸಿಂಗ್ ಅವರ ಮೆಟ್ರಿಕ್ಯುಲೇಶನ್ ಪ್ರಮಾಣಪತ್ರದಲ್ಲಿದ್ದ ಜನ್ಮದಿನ 1951ರ ಮೇ 10. ಬಾಲಕನಾಗಿದ್ದಾಗ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಗೆ ಸಲ್ಲಿಸಿದ ಅರ್ಜಿಯಲ್ಲಿದ್ದುದು 1950ರ ಮೇ 10. ಸೇನಾ ಕೇಂದ್ರಾಲಯದ ಒಂದು ಶಾಖೆಯಾದ ಅಡ್ಜುಟಂಟ್ ಜನರಲರ ದಫ್ತರು ಮೊದಲನೆಯದನ್ನೂ, ಇನ್ನೊಂದಾದ ಮಿಲಿಟರಿ ಸೆಕ್ರೆಟರಿಯ ದಫ್ತರು ಎರಡನೆಯದನ್ನೂ ದಶಕಗಳ ಕಾಲ ಪಾಲಿಸಿಕೊಂಡು ಬಂದುವು. ಒಬ್ಬ ಅಧಿಕಾರಿ ಒಂದೇ ಸಂಸ್ಥೆಯಲ್ಲಿ ಏಕಕಾಲಕ್ಕೆ ಎರಡು ವಯಸ್ಸಿನವನಾಗಿ ಬಡ್ತಿ ಪಡೆಯುತ್ತ ಅತ್ಯುನ್ನತ ಪದವಿಗೇರಿದನು. ಆ ಬಡ್ತಿಗಳ ಸಂದರ್ಭದಲ್ಲಿ 1950 ಎಂಬುದಕ್ಕೆ ಸಮ್ಮತಿಸಿ ಬರೆದುಕೊಟ್ಟ ಪತ್ರಗಳೇ ಮುಂದೆ ಅವರಿಗೆ ಎದುರುಸಾಕ್ಷಿಗಳಾದುವು. ಅವರ ದೂರನ್ನು ಸರ್ಕಾರವು 2011ರ ಡಿಸೆಂಬರ್ 30ರಂದು ತಿರಸ್ಕರಿಸಿತು. ಅಧಿಕಾರದಲ್ಲಿದ್ದ ಸೇನಾ ಮುಖ್ಯಸ್ಥರೊಬ್ಬರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಸ್ವತಂತ್ರ ಭಾರತದಲ್ಲಿ ಅದೇ ಮೊದಲು. 2012ರ ಫೆಬ್ರವರಿ 10ರಂದು ನ್ಯಾಯಮೂರ್ತಿಗಳಾದ ಆರ್. ಎಂ. ಲೋಧಾ ಹಾಗೂ ಎಚ್. ಎಲ್. ಗೋಖಲೆಯವರ ಪೀಠದೆದುರು ಸರ್ಕಾರವು ತನ್ನ ಆದೇಶವನ್ನು ಹಿಂತೆಗೆದುಕೊಂಡಿತು, ಜನರಲರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಂಡರು, 1950 ಎಂಬುದು ಕದಲಲಿಲ್ಲ. ಅದೇ ವರ್ಷದ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದರು.

ಈ ವ್ಯಾಜ್ಯದಲ್ಲಿ ಪೀಠವು ಆಡಿದ ಒಂದು ಮಾತು ನನ್ನನ್ನು ಬಹಳ ಕಾಲ ಯೋಚಿಸುವಂತೆ ಮಾಡಿದೆ. ತಮ್ಮೆದುರಿಗಿರುವ ಪ್ರಶ್ನೆ ಜನರಲರು ವಾಸ್ತವವಾಗಿ ಹುಟ್ಟಿದ ದಿನ ಯಾವುದೆಂಬುದಲ್ಲ, ಸೇವಾ ದಾಖಲೆಯಲ್ಲಿ ಯಾವ ದಿನವನ್ನು ಅಂಗೀಕರಿಸಲಾಗಿದೆಯೆಂಬುದು, ಎಂಬ ಅರ್ಥದ ಮಾತು ಅದು. ಅದನ್ನು ಓದಿದಾಗ ನನಗೆ ಮೊದಲು ನಗು ಬಂದಿತ್ತು. ತಾಯಿಯ ಹೆರಿಗೆನೋವನ್ನು ಬದಿಗಿಟ್ಟು ಗುಮಾಸ್ತನ ಲೇಖನಿಯನ್ನು ನಂಬುವುದೆ! ಹವಾಲ್ದಾರರ ಫೈಲನ್ನು ಹೊತ್ತು ಅವರೊಡನೆ ನಾಲ್ಕಾರು ಬಾರಿ ಅಲೆದ ಬಳಿಕ, ನ್ಯಾಯಮೂರ್ತಿಗಳು ಸತ್ಯವನ್ನೇ ಹೇಳಿದರೆಂದು ಒಪ್ಪಿಕೊಂಡಿದ್ದೇನೆ. ದಾಖಲೆಯು ಕೇಳುವುದು ‘ನಿಜವೇ?’ ಎಂದಲ್ಲ, ‘ಉಳಿದ ಕಾಗದಗಳೂ ಇದನ್ನೇ ಹೇಳುತ್ತವೆಯೇ?’ ಎಂದು.

ಕಾಲಮಿತಿಯ ತೊಡಕು ಬೇರೆ. ಕೇಂದ್ರ ಸರ್ಕಾರದ ನೌಕರನು ಜನ್ಮದಿನದ ತಪ್ಪನ್ನು ಸೇವೆಗೆ ಸೇರಿದ ಐದು ವರ್ಷಗಳೊಳಗೆ ತೋರಿಸಿಕೊಡಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟು 1993ರ ಹರನಾಮ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ನಿವೃತ್ತಿಯ ಅಂಚಿನಲ್ಲಿ ವಯಸ್ಸನ್ನು ಇಳಿಸಿಕೊಳ್ಳಬಯಸುವ ಚತುರರಿಗೆ ಈ ಲಗಾಮು ಅವಶ್ಯವೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಸಿಪಾಯಿಯ ಮೌನವನ್ನು ಗುಮಾಸ್ತನ ಆಲಸ್ಯದೊಡನೆ ಒಂದೇ ತಕ್ಕಡಿಯಲ್ಲಿಡಲು ಮನಸ್ಸೊಪ್ಪುವುದಿಲ್ಲ. ತನ್ನ ಶೀಟ್ ರೋಲನ್ನು ತೋರಿಸಿರೆಂದು ಕೇಳುವ ಧೈರ್ಯವನ್ನು ಸೈನ್ಯವು ಆತನಿಗೆ ಕಲಿಸುವುದಿಲ್ಲ. ಕಲಿಸುವುದು ‘ಜೀ ಸಾಬ್’ ಎಂಬುದನ್ನು. 2007ರ ಕಾಯಿದೆಯಿಂದ ಹುಟ್ಟಿದ ಸಶಸ್ತ್ರ ಪಡೆಗಳ ನ್ಯಾಯಾಧಿಕರಣವು ಮುಂಬಯಿಯಲ್ಲಿಯೂ ಪೀಠವನ್ನು ಹೊಂದಿದೆ ಎಂಬುದು ಸಮಾಧಾನದ ಸಂಗತಿ. ಅಮೆರಿಕದವರು 1946ರಷ್ಟು ಹಿಂದೆಯೇ ಸೈನ್ಯದ ದಾಖಲೆಗಳನ್ನು ತಿದ್ದುವುದಕ್ಕೆಂದೇ ಅಸೈನಿಕರ ಮಂಡಲಿಗಳಿಗೆ ಅವಕಾಶ ಮಾಡಿಕೊಟ್ಟರು. ಅಲ್ಲಿ ತಪ್ಪು ಗೊತ್ತಾದ ಮೂರು ವರ್ಷಗಳೊಳಗೆ ಅರ್ಜಿ ಹಾಕಬೇಕಾದರೂ, ನ್ಯಾಯದ ದೃಷ್ಟಿಯಿಂದ ಆ ಮಿತಿಯನ್ನು ಮನ್ನಿಸಬಹುದು. ಅಂಥ ದೇಶದಲ್ಲಿಯೂ 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆಗಳ ಭವನಕ್ಕೆ ಬೆಂಕಿ ಬಿದ್ದು, ಒಂದು ಕೋಟಿ ಅರವತ್ತು ಲಕ್ಷಕ್ಕೂ ಮಿಕ್ಕಿದ ಸೈನಿಕರ ಕಡತಗಳು ಭಸ್ಮವಾದುವು. ನಮ್ಮಲ್ಲಿ ಬೆಂಕಿಯ ಅಗತ್ಯವಿಲ್ಲ: ಪಿಂಚಣಿಯಿಲ್ಲದೆ ಹೊರಬಂದ ಸೈನಿಕನ ಕಾಗದಗಳನ್ನು 25 ವರ್ಷಗಳ ತರುವಾಯ ನಿಯಮಾನುಸಾರವೇ ನಾಶಪಡಿಸುತ್ತಾರೆ, ಲಾಂಗ್ ರೋಲ್ ಎಂಬ ಉದ್ದನೆಯ ಪುಸ್ತಕದಲ್ಲಿ ಆತನ ಪಾಲಿನ ಒಂದು ಸಾಲು ಉಳಿಯುತ್ತದೆ.

ದಾಖಲೆಯಲ್ಲಿ ಒಂದಕ್ಷರವೂ ಬದಲಾಗದೆ ಅರ್ಥವೇ ತಿರುಗಿಬಿದ್ದ ದೃಷ್ಟಾಂತವೂ ನಮ್ಮ ಈ ಸೀಮೆಯಲ್ಲಿಯೇ ಇದೆ. 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ನೆಲೆಯಲ್ಲಿ ಆರಂಭವಾದ ನಾವಿಕರ ಬಂಡಾಯವು ಹಡಗುಗಳಿಗೂ, ಠಾಣೆಯ ಅಕ್ಬರ್ ಮುಂತಾದ ಕರಾವಳಿಯ ನೆಲೆಗಳಿಗೂ ಹಬ್ಬಿತು. ಬಂಡಾಯ ಅಡಗಿದ ಮೇಲೆ ನೂರಾರು ತರುಣರನ್ನು ಸೇವೆಯಿಂದ ಹೊರಹಾಕಿದರು. ಸ್ವತಂತ್ರ ಭಾರತದ ನೌಕಾಪಡೆಯೂ ಅವರನ್ನು ಪುನಃ ಕರೆದುಕೊಳ್ಳಲಿಲ್ಲ. ಮುಂದೆ ಸ್ವಾತಂತ್ರ್ಯ ಯೋಧರ ಪಿಂಚಣಿಯ ಯೋಜನೆಯು ಆ ಬಂಡಾಯವನ್ನು ಸ್ವಾತಂತ್ರ್ಯಹೋರಾಟದ ಅಂಗವೆಂದು ಪರಿಗಣಿಸಿದಾಗ, ಸೇವೆಯಿಂದ ವಜಾ ಎಂಬ ಕಳಂಕದ ಷರಾವೇ ಗೌರವದ ಸಾಕ್ಷ್ಯವಾಯಿತು. ಮದನ್ ಸಿಂಗ್, ಬಿ. ಸಿ. ದತ್ ಎಂಬ ಇಬ್ಬರು ಬಂಡಾಯಗಾರರ ಹೆಸರುಗಳನ್ನು ಅದೇ ನೌಕಾಪಡೆಯು ತನ್ನ ಎರಡು ಟಗ್ ದೋಣಿಗಳಿಗೆ ಇಟ್ಟಿತು. ಹೆಸರು ಬದಲಾದರೂ ಹಳೆಯ ಗುರುತು ಅಳಿಯದಿರುವುದಕ್ಕೆ ಇತ್ತ ಕಲ್ಯಾಣದ ಪಕ್ಕದ ಉಲ್ಹಾಸನಗರವನ್ನು ನೋಡಿ: ಎರಡನೆಯ ಮಹಾಯುದ್ಧದ ಸೈನಿಕ ಶಿಬಿರವಾಗಿದ್ದ ಆ ನೆಲವನ್ನು ದೇಶವಿಭಜನೆಯ ಬಳಿಕ ಸಿಂಧಿ ನಿರಾಶ್ರಿತರಿಗೆ ಕೊಟ್ಟು, 1949ರಲ್ಲಿ ಹೊಸ ಹೆಸರಿಟ್ಟರು, ಅಲ್ಲಿಯ ಜನ ಇಂದಿಗೂ ವಿಳಾಸ ಹೇಳುವಾಗ ಕ್ಯಾಂಪ್ ನಂಬರ್ ಮೂರು, ನಾಲ್ಕು ಎಂದೇ ಅನ್ನುತ್ತಾರೆ.

ಕಳೆದ ತಿಂಗಳು ಒಂದು ಸಂಜೆ ಹವಾಲ್ದಾರರು ನನ್ನನ್ನು ಮೇಲಕ್ಕೆ ಕರೆದರು. ತಿದ್ದಿದ ಪಿಪಿಓ ಬಂದಿತ್ತು. ಹೆಂಡತಿಯ ಹೆಸರು ಆಧಾರಿನಲ್ಲಿದ್ದಂತೆ ಅಕ್ಷರಕ್ಷರವೂ ಹೊಂದಿಕೆಯಾಗಿತ್ತು. ಜನ್ಮದಿನ ಜೂನ್ 1. ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿ, ಅವರು ಅದನ್ನು ಆಕೆಗೆ ಓದಿ ಹೇಳಿದರು. ಚಹದ ಕಪ್ಪುಗಳನ್ನು ತಂದಿಟ್ಟ ಆ ತಾಯಿ ನಿಂತಲ್ಲಿಯೇ ನಕ್ಕರು.

‘ಜೂನ್ ಒಂದು ಎಲ್ಲಿಂದ ಬಂತುರೀ? ನಾ ಹುಟ್ಟಿದ್ದು ನಾಗರಪಂಚಮಿ ಮರುದಿನ. ನಮ್ಮವ್ವ ಉಂಡಿ ಕಟ್ಟೂದು ಮುಗಿಸಿ ಮಲಗಿದ್ಲಂತ, ಆ ರಾತ್ರಿನೇ...’

‘ಸುಮ್ಮನಿರು’ ಎಂದರು ಹವಾಲ್ದಾರರು, ಬಾಗಿಲ ಕಡೆಗೊಮ್ಮೆ ನೋಡಿ. ‘ಯಾರ ಮುಂದೂ ಅನಬ್ಯಾಡ.’

ಅನಂತರ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕೆಂಪು ದಾರದಿಂದ ಕಟ್ಟಿ, ಟ್ರಂಕಿನ ತಳದಲ್ಲಿದ್ದ ಡಿಸ್ಚಾರ್ಜ್ ಬುಕ್ಕಿನ ಮೇಲೆ ಇರಿಸಿ ಬೀಗ ಹಾಕಿದರು. ಆಕೆ ಮಾತ್ರ ಆ ವರ್ಷದ ಪಂಚಮಿಗೆ ತವರಿನಲ್ಲಿ ಎಷ್ಟು ಬಗೆಯ ಉಂಡಿ ಕಟ್ಟಿದ್ದರೆಂಬುದನ್ನು ನನಗೆ ಹೇಳುತ್ತಲೇ ಇದ್ದರು.