ಥೈರಾಯ್ಡ್‌ನಲ್ಲಿ 8 ಮಿ.ಮೀ. ಕ್ಯಾನ್ಸರ್: ಕೊಯ್ಯಬೇಕಾ, ಕಾಯಬೇಕಾ, ಸುಡಬೇಕಾ?

ಇವತ್ತು ಒಂದು ಸಣ್ಣ ಗಂಟಿನ ವಿಷಯ ಮಾತಾಡುವ.

ಕುತ್ತಿಗೆ ನೋವು ಅಂತ ಸ್ಕ್ಯಾನ್ ಮಾಡಿಸಲಿಕ್ಕೆ ಹೋಗ್ತೀರಿ. ಥೈರಾಯ್ಡ್ ಗ್ರಂಥಿಯಲ್ಲಿ 8 ಮಿಲಿಮೀಟರಿನ ಗಂಟು ಉಂಟು ಅಂತ ರಿಪೋರ್ಟ್ ಬರ್ತದೆ. ಸೂಜಿ ಹಾಕಿ ಪರೀಕ್ಷೆ ಮಾಡಿದ್ರೆ 'ಪ್ಯಾಪಿಲ್ಲರಿ ಕಾರ್ಸಿನೋಮ'. ಕ್ಯಾನ್ಸರ್ ಅಂದ ಮೇಲೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಾಳೆಯೇ ಮಂಗಳೂರಿಗೆ ಹೋಗಿ ಆಪರೇಶನ್ ಮಾಡಿಸುವ ಅಂತ ಮಾತು ಶುರು. ಅಷ್ಟು ಗಡಿಬಿಡಿ ಬೇಕಾ?

10 ಮಿ.ಮೀ. ಒಳಗಿನ ಈ ಕ್ಯಾನ್ಸರಿಗೆ ಮೈಕ್ರೋಕಾರ್ಸಿನೋಮ ಅಂತ ಹೆಸರು. ಹೆಚ್ಚಿನವು ಬೆಳೆಯುವುದು ಬಹಳ ನಿಧಾನ. ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯವರು 1993ರಿಂದ ಇಂಥ ರೋಗಿಗಳನ್ನು ಆಪರೇಶನ್ ಮಾಡದೆ, ಸ್ಕ್ಯಾನ್ ಮಾಡ್ತಾ ನೋಡಿಕೊಂಡು ಬಂದ್ರು. 2014ರಲ್ಲಿ 1,235 ಮಂದಿಯ ಲೆಕ್ಕ ಪ್ರಕಟವಾಯ್ತು: 10 ವರ್ಷದಲ್ಲಿ ಗಂಟು 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ನೂರರಲ್ಲಿ ಸುಮಾರು 8 ಮಂದಿಗೆ. ಈ ಕ್ಯಾನ್ಸರಿನಿಂದ ತೀರಿಕೊಂಡವರು ಒಬ್ಬರೂ ಇಲ್ಲ.

ಹಾಗಾಗಿ ಕಾಯುವುದೂ ಒಂದು ದಾರಿ. ಆದರೆ 'ಒಳಗೆ ಕ್ಯಾನ್ಸರ್ ಇಟ್ಟುಕೊಂಡು ಹೇಗೆ ಇರೋದು' ಅನ್ನುವವರು ತುಂಬಾ ಮಂದಿ. ಅಂಥವರಿಗೆ ಆಪರೇಶನ್ ಬಿಟ್ಟು ಇನ್ನೊಂದು ದಾರಿ ಉಂಟು: ರೇಡಿಯೋಫ್ರೀಕ್ವೆನ್ಸಿ ಅಬ್ಲೇಶನ್, ಅಂದ್ರೆ ಶಾಖದಿಂದ ಗಂಟನ್ನು ಸುಡುವುದು.

ಇದಕ್ಕೆ ಕುತ್ತಿಗೆ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಅಲ್ಟ್ರಾಸೌಂಡ್‌ನಲ್ಲಿ ನೋಡ್ತಾ ತೆಳ್ಳಗಿನ ಸೂಜಿಯನ್ನು ಗಂಟಿನೊಳಗೆ ತೂರಿಸ್ತಾರೆ. ಸೂಜಿಯ ತುದಿಯಿಂದ ಹರಿಯುವ ವಿದ್ಯುತ್ತಿಗೆ ಸುತ್ತಲಿನ ಮಾಂಸ 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗ್ತದೆ. ಮೊಟ್ಟೆ ಬೆಂದ ಹಾಗೆ ಜೀವಕೋಶ ಬೆಂದು ಸಾಯ್ತದೆ. ಗ್ರಂಥಿಯ ಹಿಂದೆಯೇ ಸ್ವರದ ನರ ಹಾದುಹೋಗ್ತದೆ. ಅದಕ್ಕೆ ಬಿಸಿ ತಾಗಿದ್ರೆ ಸ್ವರ ಬಿದ್ದು ಹೋಗಬಹುದು. ಅದಕ್ಕೆ ನಡುವೆ ಡೆಕ್ಸ್‌ಟ್ರೋಸ್ ನೀರು ತುಂಬಿಸಿ ನರವನ್ನು ದೂರ ಸರಿಸ್ತಾರೆ. ಉಪ್ಪುನೀರಿನ ಸಲೈನ್ ಆಗೋದಿಲ್ಲ, ಅದರಲ್ಲಿ ಕರೆಂಟ್ ಹರೀತದೆ. ಸುಟ್ಟ ಭಾಗವನ್ನು ಶರೀರವೇ ತಿಂಗಳುಗಟ್ಟಲೆ ತೆಗೆದುಕೊಂಡು ಕರಗಿಸ್ತದೆ.

ಲಾಭ ಎಂತ? ಕುತ್ತಿಗೆಯಲ್ಲಿ ಹೊಲಿಗೆಯ ಗುರುತಿಲ್ಲ. ಉಳಿದ ಗ್ರಂಥಿ ಕೆಲಸ ಮಾಡ್ತಾ ಇರ್ತದೆ. ಪೂರ್ತಿ ಗ್ರಂಥಿ ತೆಗೆದವರು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಇಲ್ಲಿ ಹೆಚ್ಚಿನವರಿಗೆ ಅದು ಬೇಡ.

ಕೊರತೆಯೂ ಉಂಟು. ಆಪರೇಶನ್ ಆದ್ರೆ ತೆಗೆದ ಗಂಟು ಲ್ಯಾಬಿಗೆ ಹೋಗಿ ಪೂರ್ತಿ ಪರೀಕ್ಷೆ ಆಗ್ತದೆ. ಸುಟ್ಟದ್ದನ್ನು ಹಾಗೆ ನೋಡ್ಲಿಕ್ಕೆ ಆಗೋದಿಲ್ಲ. ಹಾಗಾಗಿ ವರ್ಷಗಟ್ಟಲೆ ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ. ಕುತ್ತಿಗೆಯ ದುಗ್ಧಗ್ರಂಥಿಗೆ ಹರಡಿದ್ರೆ, ಗಂಟು ಶ್ವಾಸನಾಳಕ್ಕೋ ನರಕ್ಕೋ ಅಂಟಿಕೊಂಡಿದ್ರೆ ಆಪರೇಶನ್ನೇ ಸರಿ.

ಸುಳ್ಯದಲ್ಲೇ ಕೆ.ವಿ.ಜಿ. ಮೆಡಿಕಲ್ ಕಾಲೇಜು ಉಂಟು, ಮಂಗಳೂರಲ್ಲಂತೂ ಹಲವು. ಡಾಕ್ಟ್ರ ಹತ್ತಿರ ಮೂರು ಪ್ರಶ್ನೆ ಕೇಳಿ: ನನ್ನ ಗಂಟು ಎಲ್ಲಿ ಕೂತಿದೆ? ಕಾದ್ರೆ ಎಂತ ಆಗಬಹುದು? ಸುಡುವ ಚಿಕಿತ್ಸೆ ಮಾಡುವವರು ಈವರೆಗೆ ಎಷ್ಟು ಮಂದಿಗೆ ಮಾಡಿದ್ದಾರೆ?

ನಿಮಗೆ ನೀವೇ ಕೇಳಬೇಕಾದ ಒಂದು ಪ್ರಶ್ನೆಯೂ ಉಂಟು. ಅಡಿಕೆ ಕೊಯ್ಲಿರಲಿ, ಜಡಿಮಳೆ ಇರಲಿ, ಗುತ್ತಿಗಾರಿನಿಂದಲೋ ಸುಬ್ರಹ್ಮಣ್ಯದಿಂದಲೋ ಬಸ್ಸು ಹತ್ತಿ ಹೇಳಿದ ದಿನ ಸ್ಕ್ಯಾನಿಗೆ ಹೋಗ್ತೀರಾ? ಹೌದು ಅಂತಾದ್ರೆ ಮಾತ್ರ ಕಾಯುವ, ಸುಡುವ ದಾರಿ ನಿಮ್ಮದು. ಯೋಚನೆ ಮಾಡ್ಲಿಕ್ಕೆ ಸಮಯ ಉಂಟು, ಹೆದರಬೇಡಿ. ಮತ್ತೆ ಸಿಗುವ.