ಆತ್ಮರಕ್ಷಣೆಗೆ ಆರು ಗುಂಡು ಸಾಕಾ? (ಪಾಡ್‌ಕಾಸ್ಟ್ ಬರಹ ರೂಪ)

ಕೊಪ್ಪಳ ಜಿಲ್ಲೆಯ ನವಲಿಯಂಥ ಊರಲ್ಲಿ, ರಾತ್ರಿ ಹೊಲದ ಮನೇಲಿ ಒಬ್ಬರೇ ಇರೋರಿಗೆ ಏಳುವ ಪ್ರಶ್ನೆ ಇದು: ರಿವಾಲ್ವರ್ ತಗೊಂಡ್ರೆ ಆರು ಗುಂಡು ಸಾಕಾ?

ಮೊದಲು ಆಯುಧದ ಲೆಕ್ಕ ನೋಡೋಣ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೊರತಂದ ‘ನಿರ್ಭೀಕ್’ ರಿವಾಲ್ವರ್ ಹಿಡಿಯೋದು ಆರೇ ಗುಂಡು. ಖಾಲಿಯಾದ್ರೆ ಮತ್ತೆ ತುಂಬೋದು ನಿಧಾನ. ಪಿಸ್ತೂಲಿನಲ್ಲಿ ಮ್ಯಾಗಜಿನ್ ಬದಲಿಸಿದ್ರೆ ಆಯ್ತು. ಆದ್ರೆ ಒಂದು ಗುಂಡು ಹಾರದೇ ಹೋದ್ರೆ, ರಿವಾಲ್ವರ್‌ನಲ್ಲಿ ಟ್ರಿಗರ್ ಮತ್ತೆ ಎಳೆದ್ರೆ ಮುಂದಿನ ಗುಂಡು ಬರುತ್ತೆ. ಪಿಸ್ತೂಲಿನಲ್ಲಿ ಅದನ್ನ ಕೈಯಿಂದಲೇ ಹೊರಗೆ ಹಾಕಬೇಕು. ಕತ್ತಲಲ್ಲಿ, ಕೈ ನಡುಗುವಾಗ, ಇದು ಸಣ್ಣ ಮಾತಲ್ಲ.

ಈಗ ಕಾನೂನಿನ ಲೆಕ್ಕ. ಜಿಲ್ಲಾಧಿಕಾರಿ ಕೊಡುವ ಲೈಸೆನ್ಸ್‌ನಲ್ಲೇ ಎಷ್ಟು ಗುಂಡು ಇಟ್ಕೋಬಹುದು ಅಂತ ಬರೆದಿರುತ್ತೆ. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ, ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಮೈಮೇಲೆ ಬಂದವನಿಗೆ ಹಾರಿಸಿದ ಮೊದಲ ಗುಂಡು ಆತ್ಮರಕ್ಷಣೆ ಆಗಬಹುದು. ಬೆನ್ನು ತೋರಿಸಿ ಓಡುವವನಿಗೆ ಹಾರಿಸಿದ ಎರಡನೇ ಗುಂಡಿಗೆ ಆ ರಕ್ಷಣೆ ಸಿಗೋದು ಕಷ್ಟ.

ಚಿರತೆ, ಕರಡಿ ಬಂದ್ರೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಾಣರಕ್ಷಣೆಗೆ ಸದುದ್ದೇಶದಿಂದ ಕೊಂದದ್ದನ್ನ ಅಪರಾಧ ಅನ್ನಲ್ಲ. ಆದ್ರೆ ಬೆಳೆ ತಿಂತು ಅನ್ನೋ ಸಿಟ್ಟಿಗೆ ಕರಡಿ ಹೊಡೆದ್ರೆ ಜೈಲು.

ಆರು ಸಾಕಾ ಅಂದ್ರೆ, ಹೆಚ್ಚಿನವರಿಗೆ ಸಾಕು. ಏಳನೇ ಗುಂಡು ಹುಡುಕೋ ಮುಂಚೆ ಆಯುಧ ಬಳಸೋ ತರಬೇತಿ ತಗೊಳ್ಳಿ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಮೊದಲೇ ತಿಳ್ಕೊಳ್ಳಿ.